ನೀಲಗಂಗಮ್ಮನಿಗೆ ಕೊಟ್ಟ ಕಣ್ಣು

ನಗೋರಿದ್ದರೆ ಈಗಲೇ ಎದ್ದು ಹೋಗಿ. ಕರೆಂಟು ಬರೋಕೆ ಇನ್ನೂ ಒಂದು ತಾಸಿದೆ, ಗಿರಣಿ ತಿರುಗೋದಿಲ್ಲ, ನಿಮ್ಮ ಜೋಳದ ಚೀಲ ಎಲ್ಲೂ ಓಡಿಹೋಗೋದಿಲ್ಲ. ಕೂತು ಕೇಳೋದಾದರೆ ಬಾಯಿ ಮುಚ್ಚಿಕೊಂಡು ಕೇಳಿ. ನಡುವೆ ಯಾರಾದರೂ 'ಅದು ಭ್ರಮೆ, ಇದು ಗಾಳಿ' ಅಂತ ಶಾಣ್ಯಾತನ ತೋರಿಸಿದರೆ ನಾನು ಇಲ್ಲಿಗೇ ನಿಲ್ಲಿಸ್ತೀನಿ. ಇದು ಆದದ್ದು ನನ್ನ ಚಿಕ್ಕಪ್ಪನ ಮಗ ಗವಿಸಿದ್ದೇಶನಿಗೆ. ಇದೇ ಹಡಗಲಿಯಲ್ಲಿ, ನನ್ನ ಈ ಗಿರಣಿಯ ಪಕ್ಕದ ಮಳಿಗೆಯಲ್ಲಿ ಅವನ ಫೋಟೋ ಸ್ಟುಡಿಯೋ ಇತ್ತು. ಈಗ ಬೀಗ ಬಿದ್ದಿದೆಯಲ್ಲ, ಅದೇ ಮಳಿಗೆ.

ಎರಡು ಸಾವಿರದ ಆರನೇ ಇಸವಿ. ನಮ್ಮ ತಾಲ್ಲೂಕಿನ ಇಟ್ಟಿಗಿ ಊರಲ್ಲಿ ನೀಲಗಂಗಮ್ಮ ಅನ್ನೋ ಮುದುಕಿ ತೀರಿಕೊಂಡಿದ್ದಳು. ಫೋಟೋ ತೆಗೆಯೋಕೆ ಗವಿಸಿದ್ದೇಶ ಹೋದ. ಮಣ್ಣು ಕೊಡೋದರದ್ದೂ ನಾಲ್ಕು ಫೋಟೋ ಬೇಕು ಅಂತ ಆಕೆಯ ಮಗ ಗಂಗಪ್ಪ ಉಳಿಸಿಕೊಂಡ. ಎಲ್ಲ ಮುಗಿಯೋ ಹೊತ್ತಿಗೆ ರಾತ್ರಿ ಹತ್ತು. ಊರು ದಾಟಿದ್ದೇ ತಡ, ಇವನ ಮೊಪೆಡ್ಡಿನ ಹಿಂದಿನ ಗಾಲಿ ಪಂಕ್ಚರ್. ತಳ್ಳಿಕೊಂಡು ಹೊರಟ. ಗಾಳಿ ಇಲ್ಲದ ಟೈರು ಥಪ್... ಥಪ್... ಅಂತಿತ್ತು. ಮುಂದೆ ಆಲದ ಮರ. ಮರದ ಬುಡಕ್ಕೆ, ಎಡಗಡೆ, ಕಟ್ಟೆ ಇಲ್ಲದ ಹಾಳು ಬಾವಿ.

ಅಲ್ಲಿ ಇನ್ನೊಂದು ಸಪ್ಪಳ ಕೇಳಿಸಿತು. ಟಕ್... ಟಕ್... ಟಕ್...

ಕೋಲಿನ ಸಪ್ಪಳ. ಬೆನ್ನ ಹಿಂದೆ, ಹತ್ತು ಮಾರು ದೂರ. ಯಾರೋ ಹೊಲಕ್ಕೆ ಹೊರಟವರು ಅಂದುಕೊಂಡ. ಹತ್ತಿರ ಬಂತು... ಇನ್ನೂ ಹತ್ತಿರ...

"ತಮ್ಮಾ..." ಪಿಸುದನಿ. ಹೆಂಗಸಿಂದು. "ಮುಂದ ಬಾವಿ ಐತೇನು?"

"ಐತಿ ಬೇ. ಎಡಕ್ಕ. ನೀ ಬಲಕ್ಕ ಸರಿ."

"ಫೋಟಾ ತಗಿಯಾಂವ ನೀನ ಅಲ್ಲ?"

"ಹೂಂ."

"ನಾ ಹೆಂಗ ಬಂದೀನಿ ಅದರಾಗ?"

ತಿರುಗಿ ನೋಡಿದ. ಯಾರಿಲ್ಲ. ಆದರೆ ಸಪ್ಪಳ ನಿಲ್ಲಲಿಲ್ಲ. ಅವನ ಬಲ ಮಗ್ಗುಲಿಂದ ಹಾದು ಮುಂದೆ ಹೋಯಿತು. ಟಕ್... ಟಕ್... ನೋಡಿ, ಮಣ್ಣಿನ ಮೇಲೆ ಬೀಳೋ ಕೋಲಿನ ಸಪ್ಪಳ ಬೇರೆ, ಕಲ್ಲಿನ ಮೇಲೆ ಬೀಳೋದು ಬೇರೆ. ಇದು ಕಲ್ಲಿನ ಮೇಲೆ ಬಿದ್ದಂಗೆ ಕೇಳ್ತಿತ್ತು. ಆ ದಾರಿ ಪೂರಾ ಮಣ್ಣಿನದು. ಗವಿಸಿದ್ದೇಶ ಮೊಪೆಡ್ಡನ್ನ ಅಲ್ಲೇ ಕೆಡವಿ ಓಡಿದ. ಕುಡಿದಿದ್ದನಾ ಅಂತ ಕೇಳಬೇಡಿ. ಅವನು ಎಲೆ ಅಡಿಕೆ ಸಹ ಹಾಕೋನಲ್ಲ.

ಈಗ ಅವನ ಕಸುಬಿನ ಮಾತು ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯೋದಿಲ್ಲ. ನಮ್ಮಲ್ಲಿ ಸತ್ತವರನ್ನ ಗೋಡೆಗೆ ಆನಿಸಿ ಕೂಡಿಸ್ತೀವಿ. ವಿಭೂತಿ ಹಚ್ಚಿ, ಹಾರ ಹಾಕಿ, ಮಂದಿ ಎಲ್ಲ ಸುತ್ತ ನಿಂತು ಫೋಟೋ ತೆಗೆಸ್ತೀವಿ. ಹಳ್ಳಿ ಮುದುಕಿಯರಿಗೆ ಎಷ್ಟೋ ಸಲ ಅದೇ ಮೊದಲ ಫೋಟೋ, ಅದೇ ಕಡೇದು. ಆದರೆ ಕಣ್ಣು ಮುಚ್ಚಿದ ಮುಖವನ್ನ ಪಡಸಾಲೆಯಲ್ಲಿ ಯಾರು ತೂಗುಹಾಕ್ತಾರೆ? ಅದಕ್ಕೆ ಸ್ಟುಡಿಯೋದವರು ಕಣ್ಣು ತೆರೆಸಿ ಕೊಡ್ತಾರೆ. ಮೊದಲು ಕುಂಚದಲ್ಲಿ ತಿದ್ದುತಿದ್ದರು, ಆಮೇಲೆ ಕಂಪ್ಯೂಟರಿನಲ್ಲಿ. ಬೇರೆ ಯಾರದೋ ಫೋಟೋದಿಂದ ಕಣ್ಣು ಕತ್ತರಿಸಿ ಇಲ್ಲಿ ಕೂಡಿಸೋದು, ಅಷ್ಟೇ.

ಗವಿಸಿದ್ದೇಶ ಪ್ರತಿ ಸಲ ಹುಡುಕೋ ರಗಳೆ ಯಾಕೆ ಅಂತ ಎರಡು ಜೊತೆ ಕಣ್ಣು ತೆಗೆದು ಇಟ್ಟುಕೊಂಡಿದ್ದ. ಗಂಡಸರಿಗೆ ತೀರಿಹೋದ ತನ್ನ ಅಪ್ಪನದು. ಹೆಂಗಸರಿಗೆ ತನ್ನ ಹೆಂಡತಿ ವಾಣಿಶ್ರೀದು. ಅವಳ ಕಣ್ಣು ದೊಡ್ಡವು, ತಿಳಿ, ಎಂಥ ಮುಖಕ್ಕೂ ಹೊಂದುತಿದ್ದವು. ಬದುಕಿರೋಳ ಕಣ್ಣು ತೆಗೆದು ಸತ್ತವರಿಗೆ ಹಚ್ಚಬೇಡ ಅಂತ ನಾನು ಹೇಳಿದ್ದೆ. ನಕ್ಕುಬಿಟ್ಟ. ಈ ತಾಲ್ಲೂಕಿನಲ್ಲಿ ಹದಿನೆಂಟು ಮುದುಕಿಯರು ವಾಣಿಶ್ರೀ ಕಣ್ಣಿಂದ ನೋಡ್ತಾ ಗೋಡೆ ಮೇಲೆ ಕೂತಿದ್ದರು.

ಇನ್ನೊಂದು ಮಾತು, ಬ್ಯಾಕಪ್ಪಿಂದು. ಅದರ ಹಿಂದಿನ ವರ್ಷ ಅವನ ಕಂಪ್ಯೂಟರಿನ ಡಿಸ್ಕು ಕೆಟ್ಟು ಮೂರು ಮದುವೆಯ ಫೋಟೋ ಹಾಳಾಗಿದ್ದವು. ಒಬ್ಬ ಬೀಗರು ಬಸ್ ಸ್ಟ್ಯಾಂಡಿನಲ್ಲಿ, ನೂರು ಜನರ ಎದುರು, ಇವನ ಕಪಾಳಕ್ಕೆ ಬಾರಿಸಿದರು. ಆ ಅವಮಾನಕ್ಕೆ ಗವಿಸಿದ್ದೇಶ ಕೊಟ್ಟೂರಿನಿಂದ ಮುಜೀಬನನ್ನ ಕರೆಸಿದ. ಮುಜೀಬ ಮೊದಲು ಪಂಪ್‌ಸೆಟ್ ಮೆಕ್ಯಾನಿಕ್, ಆಮೇಲೆ ಕಂಪ್ಯೂಟರ್ ರಿಪೇರಿ ಕಲಿತ. ಇನ್ನೊಂದು ಡಿಸ್ಕು, ಒಂದು ಸೀಡಿ ತಂದ.

"ಗವಿಯಣ್ಣಾ, ನೀ ಮಂದೀದು ಫೋಟೋ ತಗೀತಿ. ಇದು ನಿನ್ನ ಡಿಸ್ಕಿಂದ ಫೋಟೋ ತಗೀತೈತಿ," ಅಂದ. "ಇದ್ದಿದ್ದು ಇದ್ದಂಗ, ದಿನಾ ಒಂದು. ಈಗ ಡೀಫಾಲ್ಟ್ ಏನೇನು ಇಡ್ಲಿ ಹೇಳು. ಒಮ್ಮಿ ಇಟ್ಟೆ ಅಂದ್ರ ಆಮ್ಯಾಲ ನಿನ್ನ ಕೇಳೂದಿಲ್ಲ. ನೀ ಸುಮ್ಮನಿದ್ರೂ ಅದು ಹಂಗ ಮಾಡ್ಕೋತ ಹೋಗ್ತೈತಿ."

ನಾನೂ ಅಲ್ಲೇ ಚಹಾ ಕುಡೀತಾ ಕೂತಿದ್ದೆ. ಮುಜೀಬ ಒಂದೊಂದೇ ಕೇಳಿ ಟಿಕ್ ಹಾಕ್ತಾ ಹೋದ. ಎಷ್ಟು ಹೊತ್ತಿಗೆ? ರಾತ್ರಿ ಒಂಬತ್ತೂವರೆಗೆ, ಶಟರ್ ಎಳೆದ ಮೇಲೆ. ಹಳೇ ಪ್ರತಿ ಅಳಿಸಲಾ? ಯಾವತ್ತೂ ಬೇಡ.

"ಡಿಸ್ಕಿನ್ಯಾಗ ಒಂದು ಫೋಟೋ ಇಲ್ಲದಂಗಾತು ಅಂತ ತಿಳಕೋ. ನಿನ್ನ ಕೇಳಿ ವಾಪಸ್ ಇಡಬೇಕೋ, ತಾನ ಇಡಬೇಕೋ?"

"ಕೇಳೂದೇನಲೇ? ಬೆಳಿಗ್ಗಿ ಚಾಲು ಮಾಡಿದ ಕೂಡ್ಲೆ ತಾನ ತಂದಿಡ್ಲಿ."

"ಕೇಳಿ ಇಡೂದು ಚಲೋ ಅಣ್ಣಾ. ಮುಂದ ಬ್ಯಾಡಾದದ್ದೂ ಬಂದು ಕುಂದರ್ತೈತಿ."

"ನಾ ಹೇಳಿದಂಗ ಮಾಡು. ಕಪಾಳಕ್ಕ ಬಿದ್ದಿದ್ದು ನನಗ, ನಿನಗಲ್ಲ."

ಒಂದೇ ಹೆಸರಿನ ಎರಡು ಫೋಟೋ ಇದ್ದರೆ ಯಾವುದು ಉಳಿಯಬೇಕು? ಹೊಸದು. ಮುಜೀಬ ಅದಕ್ಕೂ ಟಿಕ್ ಹಾಕಿದ. ಅಲ್ಲಿಗೆ ಮುಗಿಯಿತು. ಅವತ್ತಿಂದ ರಾತ್ರಿ ಒಂಬತ್ತೂವರೆಗೆ ಮುಚ್ಚಿದ ಶಟರಿನ ಒಳಗೆ ಆ ಡಿಸ್ಕು ಸದ್ದು ಮಾಡೋದು ನನಗೆ ಗೋಡೆಯಾಚೆಯಿಂದ ಕೇಳ್ತಿತ್ತು. ಕಟಕ್... ಕಟಕ್... ಕಿರ್ರ್...

ಸರಿ. ಬಾವಿ ಹತ್ತಿರ ಹೆದರಿ ಓಡಿಬಂದನಲ್ಲ, ಮಾರನೇ ದಿನ ಜ್ವರದಲ್ಲೇ ಕೂತು ನೀಲಗಂಗಮ್ಮನ ಫೋಟೋ ತಿದ್ದಿದ. ವಾಣಿಶ್ರೀ ಕಣ್ಣು ಕೂಡಿಸಿದ. ಕಣ್ಣು ಮುಚ್ಚಿದ ಮೂಲ ಫೋಟೋದ ಮೇಲೇ ಉಳಿಸಿಬಿಟ್ಟ, ಅದೇ ಹೆಸರಿನಲ್ಲಿ. ಕ್ಯಾಮೆರಾದಲ್ಲಿದ್ದದ್ದನ್ನೂ ಅಳಿಸಿ ಬೇರೆ ಕೆಲಸಕ್ಕೆ ಹೋದ. ರಾತ್ರಿ ಒಂಬತ್ತೂವರೆಗೆ ಡಿಸ್ಕು ಸದ್ದು ಮಾಡಿತು. ಅಲ್ಲಿಗೆ ಲೋಕದಲ್ಲಿ ನೀಲಗಂಗಮ್ಮನ ಕಣ್ಣು ಮುಚ್ಚಿದ ಫೋಟೋ ಒಂದೂ ಉಳಿಯಲಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ವಾಣಿಶ್ರೀ ಸೀರೆಗೆ ಫಾಲ್ ಹೊಲೀತಾ ಕೂತಿದ್ದಳು. ಸೂಜಿ ಬೆರಳಿಗೆ ಚುಚ್ಚಿತು.

"ರೀ, ಲೈಟ್ ಯಾಕ ಸಣ್ಣದಾತು?"

ಲೈಟು ಹಂಗೇ ಇತ್ತು.

ಮರುದಿನ ಸಂಜೆಯಾಗ್ತಲೇ ಅವಳಿಗೆ ದಾರಿ ಕಾಣಲಿಲ್ಲ. ಅದರ ಮರುದಿನ ಮಧ್ಯಾಹ್ನವೇ ಮಬ್ಬು. ದಿನಾ ಒಂಬತ್ತೂವರೆ ಆದ ಮೇಲೆ ಒಂದು ಪದರ ಇಳೀತಿತ್ತು. ಬಳ್ಳಾರಿಗೆ ಕರೆದುಕೊಂಡು ಹೋದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಕಣ್ಣು ಚೆನ್ನಾಗಿದೆ, ಏನೂ ಆಗಿಲ್ಲ ಅಂದರು. ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಅಕ್ಕಿ ಆರಿಸೋಕೆ ಮೊರವನ್ನ ಮೂಗಿನ ಹತ್ತಿರ ಹಿಡಿದುಕೊಳ್ತಿದ್ದಳು.

ಒಂಬತ್ತನೇ ದಿನ ಇಟ್ಟಿಗಿಯಲ್ಲಿ ಮುದುಕಿಯ ಹೆಸರಿನಲ್ಲಿ ಶಿವಗಣಾರಾಧನೆ. ಗವಿಸಿದ್ದೇಶ ಫೋಟೋಗೆ ಕಟ್ಟು ಹಾಕಿಸಿ ಬಸ್ಸಿನಲ್ಲಿ ತೆಗೆದುಕೊಂಡು ಹೋದ. ಪಡಸಾಲೆಯಲ್ಲಿ ಪೇಪರ್ ಬಿಚ್ಚಿದ. ಭಜನೆ ನಿಂತುಹೋಯಿತು. ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಗಂಗಪ್ಪ ಫೋಟೋನ ಎರಡೂ ಕೈಯಲ್ಲಿ ಹಿಡಿದುಕೊಂಡು ಗಳಗಳ ಅತ್ತ.

"ನಮ್ಮವ್ವಗ ಕಣ್ಣು ಬಂದಾವ್ರೋ..."

ಗವಿಸಿದ್ದೇಶನಿಗೆ ಅರ್ಥವಾಗಲಿಲ್ಲ. ಪಕ್ಕದವನು ಕಿವಿಯಲ್ಲಿ ಹೇಳಿದ. ನೀಲಗಂಗಮ್ಮ ಮೂರು ವರ್ಷದವಳಿದ್ದಾಗ ಸಿಡುಬಿನಲ್ಲಿ ಎರಡೂ ಕಣ್ಣು ಹೋಗಿದ್ದವು. ಎಪ್ಪತ್ತು ವರ್ಷ ಕುರುಡಿ. ಹೆಜ್ಜೆ ಸಪ್ಪಳದ ಮೇಲೆ ಊರವರನ್ನೆಲ್ಲ ಗುರುತು ಹಿಡೀತಿದ್ದಳು, ಹೆಸರು ಹಿಡಿದು ಬೈತಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಅದಕ್ಕೇ ಯಾರೂ ಫೋಟೋದವನಿಗೆ ಹೇಳಲಿಲ್ಲ. ಇವನು ಕೇಳಲೂ ಇಲ್ಲ. ಉಳಿದ ಹದಿನೆಂಟು ಮುದುಕಿಯರಿಗೆ ಬದುಕಿದ್ದಾಗ ತಮ್ಮದೇ ಕಣ್ಣಿದ್ದವು, ಹೆಚ್ಚಿನದು ಬೇಕಿರಲಿಲ್ಲ. ಈಕೆಗೆ ಬೇಕಿತ್ತು.

ಗವಿಸಿದ್ದೇಶ ಗಂಗಪ್ಪನ ಕೈ ಹಿಡಿದ. "ಗಂಗಪ್ಪಣ್ಣಾ, ತಪ್ಪಾಗೇತಿ. ಫೋಟೋ ವಾಪಸ್ ಕೊಡ್ರಿ. ಬ್ಯಾರೆ ಮಾಡಿ ಕೊಡ್ತೀನಿ."

"ಯಾಕ ಕೊಡ್ಲಿ?" ಗಂಗಪ್ಪ ಫೋಟೋನ ಎದೆಗೆ ಒತ್ತಿಕೊಂಡ. "ನಾ ಹುಟ್ಟಿದಾಗಿಂದ ನಮ್ಮವ್ವ ನನ್ನ ಮಾರಿ ನೋಡಿರಲಿಲ್ಲ. ಈಗ ನೋಡಾಕ ಹತ್ತ್ಯಾಳ. ಮುಟ್ಟಿ ನೋಡು, ಕೈ ಮುರೀತೀನಿ."

ಸುತ್ತ ಇದ್ದ ಅಣ್ಣತಮ್ಮಂದಿರು ಎದ್ದು ನಿಂತರು. ಪ್ರಸಾದದ ತಟ್ಟೆಯನ್ನೂ ಮುಟ್ಟದೆ ಇವನು ಹೊರಬಿದ್ದ. ಆ ಗಂಗಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆಂಡತಿ ವಿಷಯ ಹೇಳಿದರೂ ಕೇಳಲಿಲ್ಲ ಆ ಮನುಷ್ಯ.

ಬಸ್ಸು ತಪ್ಪಿತ್ತು. ಮುಖ್ಯರಸ್ತೆಯ ತನಕ ನಡೆಯಲೇಬೇಕು. ಅದೇ ದಾರಿ. ಕತ್ತಲಾಗಿತ್ತು. ಆಲದ ಮರ ಹತ್ತಿರ ಬಂತು. ಕಿವಿ ನಿಮಿರಿಸಿಕೊಂಡು ನಡೆದ... ಕೋಲಿನ ಸಪ್ಪಳ ಬರಬಹುದು ಅಂತ.

ಕೋಲಿನ ಸಪ್ಪಳ ಬರಲಿಲ್ಲ. ಬರೀ ಹೆಜ್ಜೆ. ಸರ್... ಸರ್... ಸರ್... ಬರಿಗಾಲು ಮಣ್ಣಿನ ಮೇಲೆ ಎಳೆಯೋ ಸಪ್ಪಳ. ತಡವರಿಕೆ ಇಲ್ಲ. ದಾರಿ ಗೊತ್ತಿರೋರು ನಡೆದಂಗೆ, ಬೀಸಾಗಿ.

ಕಿವಿಯ ಹಿಂದೆಯೇ ಪಿಸುದನಿ.

"ತಮ್ಮಾ, ಮುಂದ ಬಾವಿ ಐತಿ. ಬಲಕ್ಕ ಸರಿ."

ಅವನು ಸರಿಯಲಿಲ್ಲ. ನಿಂತಲ್ಲೇ ನಿಂತ.

"ಸರಿ ಅಂದ್ನೆಲ್ಲ." ದನಿ ಗಡುಸಾಯಿತು. "ನನಗ ಕಾಣ್ತೈತಿ."

ಹೆಜ್ಜೆ ಅವನನ್ನ ದಾಟಿ ಹೋಯಿತು. ಅವತ್ತು ರಾತ್ರಿ ಅವನು ನನ್ನ ಮನೆ ಬಾಗಿಲು ಬಡಿದಾಗ ಪಂಚೆ ಒದ್ದೆಯಾಗಿತ್ತು. ನಗಬೇಡಿ ಅಂದೆ. ನಿಮ್ಮದೂ ಆಗ್ತಿತ್ತು.

ಬೆಳಿಗ್ಗೆ ಎದ್ದು ಮೊದಲು ಮಾಡಿದ್ದು, ಕಂಪ್ಯೂಟರಿನಿಂದ ಆ ಫೋಟೋ ಅಳಿಸಿದ್ದು. ಸಂಜೆಗೆ ವಾಣಿಶ್ರೀ, "ಬಾಗಲದ ತೋರಣ ಕಾಣ್ತೈತ್ರಿ" ಅಂದಳು. ನಾವೆಲ್ಲ ಕುಣಿದೆವು. ಮಾರನೇ ಬೆಳಿಗ್ಗೆ ಕಂಪ್ಯೂಟರ್ ಚಾಲು ಮಾಡಿದ. ಫೋಟೋ ಇದ್ದಲ್ಲೇ ಇತ್ತು. ಇಲ್ಲದ್ದನ್ನ ತಾನೇ ತಂದಿಡಲಿ ಅಂತ ಇವನೇ ಹೇಳಿ ಹಾಕಿಸಿದ್ದನಲ್ಲ. ತೋರಣ ಮತ್ತೆ ಮಾಯ.

ಮುಜೀಬನಿಗೆ ಫೋನ್ ಹೋಯಿತು. ಬಂದ. ಕೇಳಿ ಇಡೋ ಹಾಗೆ ಡೀಫಾಲ್ಟ್ ಬದಲಿಸಿದ. ಫೋಟೋ ಅಳಿಸಿದ. ಹಳೇ ಪ್ರತಿಗಳನ್ನೂ ಒಂದೊಂದಾಗಿ ಅಳಿಸಿದ. ಬೆಳಿಗ್ಗೆ ನೋಡಿದರೆ ಟಿಕ್ ಎಲ್ಲ ಮೊದಲಿದ್ದ ಜಾಗಕ್ಕೇ ಬಂದು ಕೂತಿದ್ದವು. ಫೋಟೋನೂ ಬಂದಿತ್ತು. ಮುಜೀಬ ಎರಡನೇ ಡಿಸ್ಕನ್ನೇ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡ. ಬೆಳಿಗ್ಗೆ ಫೋಟೋ ಇತ್ತು. ಡಿಸ್ಕು ಇಲ್ಲದೆ ಎಲ್ಲಿಂದ ಬಂತು? ಹೇಳಿ, ನಿಮ್ಮಲ್ಲಿ ಓದಿದವರಿದೀರಲ್ಲ. ಮುಜೀಬ ಡಿಸ್ಕನ್ನ ತಿರುಗಿ ಜೋಡಿಸಿ, ಕೈ ಒರೆಸಿಕೊಂಡ.

"ಅಣ್ಣಾ, ಅಳಿಸಿದ್ರ ಬರ್ತೈತಿ. ಬದಲಿ ಮಾಡಿದ್ರ ಉಳೀಬಹುದು. ಹೊಸದ ಉಳೀಬೇಕು ಅಂತ ನೀನ ಹೇಳಿ ಹಾಕಿಸಿದ್ದಿ. ಅದೊಂದು ಟಿಕ್ ನಾ ಮುಟ್ಟಿಲ್ಲ."

ಅಷ್ಟು ಹೇಳಿ ಕೊಟ್ಟೂರು ಬಸ್ಸು ಹತ್ತಿದ. ಮತ್ತೆ ಆ ಮಳಿಗೆಗೆ ಕಾಲಿಡಲಿಲ್ಲ.

ಗವಿಸಿದ್ದೇಶ ಬೇರೊಬ್ಬ ಸತ್ತ ಮುದುಕಿಯ ಮುಚ್ಚಿದ ರೆಪ್ಪೆ ತಂದು ನೀಲಗಂಗಮ್ಮನ ಕಣ್ಣಿನ ಮೇಲೆ ಕೂಡಿಸಿ ನೋಡಿದ. ಬೆಳಿಗ್ಗೆ ಕಣ್ಣು ತೆರೆದಿದ್ದವು. ವಾಣಿಶ್ರೀಗೆ ಈಗ ಹಗಲಲ್ಲೂ ತನ್ನ ಅಂಗೈಗಿಂತ ದೂರ ಏನೂ ಕಾಣ್ತಿರಲಿಲ್ಲ. "ಇವತ್ತೊಂದು ದಿನ ಆದಮ್ಯಾಲ ಅಂಗೈನೂ ಕಾಣಂಗಿಲ್ಲ ಅನ್ನಸ್ತೈತ್ರಿ," ಅಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಎಷ್ಟೋ ಹಗುರಾಗ್ತಿತ್ತು.

ಅವತ್ತು ರಾತ್ರಿ ಒಂಬತ್ತಕ್ಕೆ ಅವನು ಸ್ಟುಡಿಯೋ ಶಟರ್ ಅರ್ಧ ಎಳೆದು ಒಳಗೆ ಕೂತ. ಜೊತೆಗೆ ನಾನು. ಮುಂದಿನದನ್ನ ನಾನೇ ಕಿವಿಯಾರ ಕೇಳಿದ್ದು, ಕಣ್ಣಾರ ನೋಡಿದ್ದು. ಗಿರಣಿಯವನ ಕಿವಿ ಮಂದ ಅಂತ ಯಾರಾದರೂ ಅನ್ನಬಹುದು. ಅನ್ನಲಿ. ಗಿರಣಿ ತಿರುಗಿಸೋ ಪಟ್ಟಾ ಒಂದು ನೂಲು ಸಡಿಲಾದರೂ ಸದ್ದಿನಲ್ಲೇ ಹೇಳೋನು ನಾನು.

ಒಳಗೆ ಪರದೆ ಇತ್ತಲ್ಲ, ಹೂದೋಟದ ಚಿತ್ರದ್ದು, ಅದರ ಮುಂದೆ ಗಿರಾಕಿ ಕೂರೋ ಸ್ಟೂಲು. ಅದು ಕಿರ್... ಅಂತು. ಯಾರೋ ಭಾರ ಬಿಟ್ಟು ಕೂತಂಗೆ.

"ಮುಚ್ಚಾಕ ಹತ್ತೀಯಲ್ಲ," ಅಂತು ಪಿಸುದನಿ.

ಗವಿಸಿದ್ದೇಶ ತಿರುಗಲಿಲ್ಲ. ಕಂಪ್ಯೂಟರಿನ ಕಡೆಗೇ ಮುಖ ಮಾಡಿ ಕೈ ಮುಗಿದ. "ಬೇ... ಅವು ನನ್ನ ಹೆಂಡ್ತಿವು. ತಿಳೀದ ಹಚ್ಚೀನಿ. ವಾಪಸ್ ಕೊಡು."

"ಎಪ್ಪತ್ತೊರ್ಸ ಕತ್ತಲಾಗ ಇದ್ದೆ. ಕೊಟ್ಟದ್ದ ತಿರಗಿ ಕೇಳಬ್ಯಾಡ."

"ಆಕಿಗಿನ್ನೂ ಇಪ್ಪತ್ತಾರ ಬೇ..."

"ನನಗ ಮೂರ ಇತ್ತು."

ಕರೆಂಟು ಹೋದರೂ ಕಂಪ್ಯೂಟರ್ ಆರದಂತೆ ಕಾಯೋ ಯುಪಿಎಸ್ ಡಬ್ಬಿ ಪೀಂ... ಅಂತ ಒಮ್ಮೆ ಕೂಗಿತು. ಆಮೇಲೆ ಮತ್ತೆ ಆ ದನಿ.

"ಬದಲಿ ಕೊಡು. ಯಾರದಾದ್ರೂ ಕೊಡು. ನೋಡೂ ಕಣ್ಣು ಕೊಡು. ಇಲ್ಲಾಂದ್ರ ಎದ್ದು ಮನಿಗಿ ಹೋಗು."

ಗೋಡೆ ಗಡಿಯಾರದಲ್ಲಿ ಒಂಬತ್ತೂ ಹತ್ತು. ಒಂಬತ್ತೂವರೆಗೆ ಡಿಸ್ಕು ಚಾಲು. ಆ ಹೊತ್ತಿಗೆ ಯಾವ ಕಣ್ಣು ಇರುತ್ತೋ ಅದೇ ಖಾಯಂ. ಗವಿಸಿದ್ದೇಶ ಪಾಸ್‌ಪೋರ್ಟ್ ಫೋಟೋಗಳ ಫೋಲ್ಡರ್ ತೆರೆದ. ನಾಲ್ಕು ಸಾವಿರ ಮುಖ. ಹಡಗಲಿಯಲ್ಲಿ ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಪರೀಕ್ಷೆಗೆ ಅಂತ ಫೋಟೋ ತೆಗೆಸಿದವರೆಲ್ಲ ಅದರೊಳಗಿದ್ದರು. ನೀವೂ ಇದ್ದಿರಿ, ಹ್ಞಾಂ. ಈಗ ಯಾಕೆ ಮುಖ ಮುಖ ನೋಡಿಕೊಳ್ತೀರಿ? ಒಂದು ರಾತ್ರಿ ನಿಮ್ಮ ಕಣ್ಣು ಅವನ ಬೆರಳ ತುದಿಯಲ್ಲಿದ್ದವು.

ಅವನು ಒಂದೊಂದೇ ಮುಖ ದೊಡ್ಡದು ಮಾಡಿ ನೋಡ್ತಾ ಹೋದ. ಟಿಕ್... ಟಿಕ್... ಮೌಸಿನ ಸಪ್ಪಳ. ನನ್ನ ಬಾಯಿಂದ ಬಂದದ್ದನ್ನ ಮುಚ್ಚಿಡೋದಿಲ್ಲ.

"ಲೇ ಗವಿ, ಬಸ್ ಸ್ಟ್ಯಾಂಡಿನ್ಯಾಗ ಹೊಡದ್ನಲ್ಲ, ಅವಂದು ಹಾಕು."

ಆ ಬೀಗರ ಫೋಟೋ ತೆಗೆದ. ಕಣ್ಣಿನ ಸುತ್ತ ಗೆರೆ ಎಳೆದ. ಗೆರೆ ಇರುವೆ ಹರಿದಂಗೆ ಸುತ್ತುತಾ ಇತ್ತು. ಒಂಬತ್ತೂ ಹದಿನೇಳು.

"ಅಂವಗ ಮೊಮ್ಮಗಳು ಹುಟ್ಟ್ಯಾಳಣ್ಣ. ಮೊನ್ನಿ ಫೋಟೋ ತಗಸಾಕ ತಂದಿದ್ದ," ಅಂತ ಗೆರೆ ಬಿಟ್ಟುಬಿಟ್ಟ.

ಮುಂದಿನ ಮುಖ. ಅದರ ಮುಂದಿನದು. ಆಮೇಲೆ ನನ್ನ ಫೋಟೋ ಬಂತು. ಗಿರಣಿ ಲೈಸೆನ್ಸಿಗೆ ಅಂತ ತೆಗೆಸಿದ್ದು. ಅವನ ಕೈ ನಿಂತಿತು... ನನ್ನ ಕಡೆ ತಿರುಗಲಿಲ್ಲ. ಕಂಪ್ಯೂಟರಿನಲ್ಲಿದ್ದ ನನ್ನ ಮುಖವನ್ನೇ ನೋಡಿದ. ಎಷ್ಟು ಹೊತ್ತೋ. ನಾನು 'ಬೇಡ' ಅಂತ ಅನ್ನಲಿಲ್ಲ, 'ತೊಗೋ' ಅಂತಲೂ ಅನ್ನಲಿಲ್ಲ. ಅವನು ಒಂದು ಬೆರಳು ಆಡಿಸಿದರೆ ಆ ಕೈಯನ್ನ ಮುರಿದು ಹಾಕ್ತಿದ್ದೆ, ನಿಜ ಹೇಳ್ತೀನಿ. ವಾಣಿಶ್ರೀ ನೆನಪಿಗೂ ಬರಲಿಲ್ಲ.

ಅವನು ಫೋಲ್ಡರ್ ಮುಚ್ಚಿದ. ಎದ್ದ. ಕ್ಯಾಮೆರಾ ನನ್ನ ಕೈಗಿಟ್ಟ.

"ಅಣ್ಣಾ, ಒಂದು ಕ್ಲಿಕ್ ಮಾಡು."

ಹೂದೋಟದ ಪರದೆಯ ಹತ್ತಿರ ಹೋಗಿ, ಸ್ಟೂಲಿನ ಮುಂದೆ ನಿಂತು, "ಸರಿ ಬೇ, ಏಳು," ಅಂದ. ಸ್ಟೂಲು ಕಿರ್ ಅಂತು. ಅವನು ಕೂತ. ಕೂದಲು ಸರಿ ಮಾಡಿಕೊಂಡ, ಕಸುಬಿನ ಚಾಳಿ. ಕಣ್ಣು ಅಗಲ ಮಾಡಿ ನನ್ನ ಕಡೆ ನೋಡಿದ. ಬಟನ್ ಒತ್ತಿದ್ದು ಈ ಬೆರಳು. ಬೇಡ ಅನ್ನಬೇಕಿತ್ತು ನಾನು. ಅನ್ನಲಿಲ್ಲ.

ಒಂಬತ್ತೂ ಇಪ್ಪತ್ತೆಂಟಕ್ಕೆ ಕೆಲಸ ಮುಗಿಸಿದ. ಮುದುಕಿಯ ಮುಖದಲ್ಲಿ ಗಂಡಸಿನ ಕಣ್ಣು. ಅದೇ ಹೆಸರಿಗೆ ಉಳಿಸಿದ. ಒಂಬತ್ತೂವರೆ. ಕಟಕ್... ಕಟಕ್... ಕಿರ್ರ್... ಡಬ್ಬಿಯ ಕೆಂಪು ದೀಪ ಮಿಣಮಿಣ ಅಂತಿತ್ತು. ಶಟರಿನ ಕೆಳಗಿಂದ ಏನೋ ಹೊರಗೆ ಹೋದಂಗೆ ನೆಲದ ಧೂಳು ಸರಿಯಿತು. ಸರ್... ಸರ್... ಆಮೇಲೆ ಟಿಂಗ್ ಅಂತ ಒಂದು ಸಪ್ಪಳ. ಬ್ಯಾಕಪ್ ಮುಗಿಯಿತು.

"ಅಣ್ಣಾ," ಅಂದ ಗವಿಸಿದ್ದೇಶ. "ಕರೆಂಟ್ ಹೋತೇನು?"

ಟ್ಯೂಬ್‌ಲೈಟು ಅವನ ತಲೆಯ ಮೇಲೇ ಉರೀತಿತ್ತು.

ಕೈ ಹಿಡಿದು ಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ವಾಣಿಶ್ರೀ ನಿಂತಿದ್ದಳು, ಎದುರಿಗೆ ಓಡಿಬಂದಳು. "ಎಲ್ಲಾ ಕಾಣಾಕ ಹತ್ತೇತ್ರಿ! ಅಣ್ಣಾ, ನಿಮ್ಮ ಅಂಗಿ ಗುಂಡಿನೂ ಕಾಣ್ತೈತಿ!" ಅಂದಳು. ಆಮೇಲೆ ಗಂಡನ ಮುಖ ನೋಡಿದಳು. ಅವನು ಅವಳ ದನಿ ಬಂದ ಕಡೆಗಿಂತ ಒಂದು ಗೇಣು ಆಚೆಗೆ ನೋಡಿ ನಗ್ತಿದ್ದ. ಅವಳು ಕೂಗಿದ ಕೂಗಿಗೆ ಓಣಿಯ ಲೈಟೆಲ್ಲ ಹತ್ತಿಕೊಂಡವು. ನಾನು ಗಿರಣಿಗೆ ಬಂದು ಚೀಲದ ಮೇಲೆ ಬಿದ್ದುಕೊಂಡು ಅತ್ತೆ. ಅವನಿಗಾಗಿ ಅತ್ತೆನೋ, ನನ್ನವು ಉಳಿದವು ಅಂತ ಅತ್ತೆನೋ, ನನಗೇ ಗೊತ್ತಿಲ್ಲ.

ಬಳ್ಳಾರಿಯ ಡಾಕ್ಟರು ಅವನಿಗೂ ಅದೇ ಹೇಳಿದರು. ಕಣ್ಣು ಚೆನ್ನಾಗಿವೆ, ಏನೂ ಆಗಿಲ್ಲ. ಸ್ಟುಡಿಯೋ ಮುಚ್ಚಿತು. ವಾಣಿಶ್ರೀ ಹೊಲಿಗೆಯಲ್ಲಿ ಮನೆ ನಡೆಸ್ತಾಳೆ. ಅವನು ದಿನವಿಡೀ ಕಟ್ಟೆ ಮೇಲೆ ಕೂತಿರ್ತಾನೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ನಾನು ಪಕ್ಕದಲ್ಲಿ ಕೂತಿದ್ದೆ. ಇದ್ದಕ್ಕಿದ್ದಂಗೆ, "ಗಂಗಪ್ಪ ಬಂದ," ಅಂದ. ಓಣಿಯಲ್ಲಿ ಯಾರೂ ಇರಲಿಲ್ಲ. "ಇಲ್ಲಲ್ಲಣ್ಣ. ಇಟ್ಟಿಗ್ಯಾಗ. ಪಡಸಾಲ್ಯಾಗ ಕುಂತು ಉಣ್ಣಾಕ ಹತ್ತ್ಯಾನ. ಸೊಸಿ ಸಾರು ಹಾಕಿದ್ಲು, ಅರ್ಧ ಚೆಲ್ಲಿದ್ಲು." ಅವತ್ತಿಂದ ಹಂಗೇ. ಕಣ್ಣೆದುರು ಇಟ್ಟ ಕೈ ಕಾಣೋದಿಲ್ಲ, ಇಟ್ಟಿಗಿಯ ಪಡಸಾಲೆ ಕಾಣುತ್ತೆ. ಆ ಮನೆಯ ಕೂಸು ಹೊಸ್ತಿಲು ದಾಟಿದ್ದು ನಮಗೆ ಗೊತ್ತು, ಅವರ ಬೆಕ್ಕು ಹಾಲು ಕುಡಿದದ್ದು ನಮಗೆ ಗೊತ್ತು. ವಾಣಿಶ್ರೀ ಕೇಳಿ ಕೇಳಿ ಒಳಗೆ ಎದ್ದು ಹೋಗ್ತಾಳೆ. ಅವಳ ಮುಖ ಮಾತ್ರ ಅವನಿಗೆ ಕಾಣೋದಿಲ್ಲವಲ್ಲ.

ಹೋದ ವಾರ ಅವನು ಕಟ್ಟೆ ಮೇಲೆ ಚೀರಿಕೊಂಡ. "ಕತ್ತಲಾತಣ್ಣಾ! ಗ್ವಾಡಿಗಿ ಸುಣ್ಣ ಹಚ್ಚಾಕ ಫೋಟೋ ಇಳಿಸ್ಯಾರ. ಒಳಗ ಒಯ್ದು ಬೋರಲ ಒಗದಾರ!" ನಾನು ಗಂಗಪ್ಪನಿಗೆ ಫೋನ್ ಮಾಡಿ, ಅವ್ವನ ಫೋಟೋ ಬೋರಲು ಹಾಕಿದೀರಾ ಅಂತ ಕೇಳಿದೆ.

"ಹೌದು, ಕೋಣ್ಯಾಗ ಟ್ರಂಕಿನ ಮ್ಯಾಲ. ನಿಮಗ ಯಾರು ಹೇಳಿದ್ರು?"

"ಅಂಗಾತ ಮಾಡ್ರಿ. ಈಗ. ಫೋನ್ ಇಡಬ್ಯಾಡ್ರಿ, ಮೊದ್ಲ ಹೋಗಿ ಅಂಗಾತ ಮಾಡ್ರಿ."

ಗವಿಸಿದ್ದೇಶನ ಉಸಿರು ಇಳೀತು. ಮುಖ ಮೇಲೆತ್ತಿ ಬರೀ ಆಕಾಶದ ಕಡೆ ನೋಡ್ತಾ ಕೂತ. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡಿದವು. ಎಣಿಸ್ತಿದ್ದ.

"ಜಂತಿ ಹದಿಮೂರದಾವು," ಅಂದ. "ಏಳನೇದಕ್ಕ ಕುದುರಿ ಲಾಳ ಬಡದಾರ."

ಅವನು ಆ ಕೋಣೆಗೆ ಹುಟ್ಟಿದಾಗಿಂದ ಹೋದವನಲ್ಲ. ಹೋದದ್ದು ಪಡಸಾಲೆ ತನಕ, ಎರಡೇ ಸಲ. ನಾನು ಯಾರಿಗೂ ಹೇಳದೆ ಮರುದಿನ ಮೊದಲ ಬಸ್ಸಿಗೆ ಇಟ್ಟಿಗಿಗೆ ಹೋದೆ. ಗಂಗಪ್ಪ ಬೈದರೂ ಬಿಡದೆ ಒಳಗೆ ನುಗ್ಗಿದೆ. ಟ್ರಂಕಿನ ಮೇಲಿನ ಫೋಟೋದಲ್ಲಿ ಈಗ ವಾಣಿಶ್ರೀ ಕಣ್ಣಿರಲಿಲ್ಲ, ಯಾರೂ ಬದಲಿಸದಿದ್ದರೂ ಗವಿಸಿದ್ದೇಶನವೇ ಇದ್ದವು. ಪಕ್ಕ ನಿಂತು, ತಲೆ ಎತ್ತಿ, ಮಾಳಿಗೆಯ ಜಂತಿಗಳನ್ನ ಬೆರಳು ಮಾಡಿ ಎಣಿಸಿದೆ. ನಂಬದಿದ್ದರೆ ನೀವೂ ಹೋಗಿ ಎಣಿಸಿ, ಬಸ್ಸಿಗೆ ನಾನೇ ಹತ್ತಿಸ್ತೀನಿ.

ಹದಿಮೂರು ಇದ್ದವು. ಏಳನೇದಕ್ಕೆ ಲಾಳ ಇತ್ತು.